ನಿಂಬೆಹಣ್ಣಿಗೆ ಅಂಜುವವರು

ರಾಯಚೂರಿನ ಯಾವ ಅಂಗಡಿ ಸಾಲಿನಲ್ಲಾದರೂ ನಡೆದು ನೋಡಿ, ಬಾಗಿಲ ನೆತ್ತಿಗೆ ಒಂದು ನಿಂಬೆಹಣ್ಣು, ಅದರ ಜೊತೆಗೆ ಹಸಿಮೆಣಸಿನಕಾಯಿ ದಾರಕ್ಕೆ ಜೋತುಬಿದ್ದಿರುತ್ತವೆ. ಅಮಾವಾಸ್ಯೆ ಬಂತೆಂದರೆ ಹಳೆಯದು ರಸ್ತೆಗೆ, ಹೊಸದು ಬಾಗಿಲಿಗೆ. ಕಟ್ಟಿಸಿಕೊಂಡ ಅಂಗಡಿಯವನಿಗೆ ಅದರ ಮೇಲೆ ಭಾರಿ ಭಕ್ತಿ ಇದೆ ಎಂದೇನೂ ತಿಳಿಯಬೇಡಿ. ಕೇಳಿದರೆ, “ಎಲ್ಲಾರೂ ಕಟ್ತಾರ್ರಿ, ನಮ್ದೂ ಒಂದಿರ್ಲಿ” ಎನ್ನುತ್ತಾನೆ. ಹುಡುಗ ಸೈಕಲ್ ಮೇಲೆ ತಂದು ಕಟ್ಟಿ, ದುಡ್ಡು ಇಸಿದುಕೊಂಡು ಹೋಗುತ್ತಾನೆ, ಪೇಪರ್ ಹಾಕುವವನ ಹಾಗೆ. ಆ ನಿಂಬೆಹಣ್ಣನ್ನು ಮನಸ್ಸಿಟ್ಟು, ಮೈ ನಡುಗುವಷ್ಟು ನಂಬುವವರು ಈಗ ಎಲ್ಲಿಯಾದರೂ ಉಳಿದಿದ್ದರೆ ಅವರು ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಉಪದೇಶ ಮಾಡುವವರು ಎಂಬುದು ನನ್ನ ಅನುಮಾನ. ನಾನು ಹುಟ್ಟಿ ಬೆಳೆದದ್ದು ಮೆಥೊಡಿಸ್ಟ್ ಮನೆಯಲ್ಲಾದ್ದರಿಂದ ನಮ್ಮವರನ್ನು ಇಷ್ಟು ಆಡಿಕೊಳ್ಳುವ ಹಕ್ಕು ನನಗಿದೆ.

ಬೇಸಿಗೆಯಲ್ಲಿ ಮೂರು ರಾತ್ರಿಯ ಕೂಟ ಇಟ್ಟರೆ ಅದರಲ್ಲಿ ಒಂದು ರಾತ್ರಿ ಈ ವಿಷಯಕ್ಕೆ ಮೀಸಲು. ಸೈತಾನ ಮುಂಬಾಗಿಲಿನಿಂದ ಬರುವುದಿಲ್ಲ, ಕಿಟಕಿ ಸಂದಿಯಿಂದ ನುಸುಳುತ್ತಾನೆ ಎಂದು ಶುರುವಾಗಿ ಪಟ್ಟಿ ಬೆಳೆಯುತ್ತದೆ. ಕೈಗೆ ಕೆಂಪು ದಾರ, ಕಾಲಿಗೆ ಕಪ್ಪು ದಾರ, ತಾಯತ, ಕಟ್ಟುವ ಮನೆಯ ಮುಂದಿನ ದೃಷ್ಟಿಗೊಂಬೆ, ರಾಹುಕಾಲ, ಪತ್ರಿಕೆಯ ದಿನಭವಿಷ್ಯ, ವಾಸ್ತು ನೋಡಿ ತಿರುಗಿಸಿದ ಬಾಗಿಲು, ಟೀವಿ ಪಕ್ಕದ ನಗುವ ಬುದ್ಧ, ಹೆಸರಿಗೆ ಸೇರಿಸಿಕೊಂಡ ಹೆಚ್ಚಿನ ಅಕ್ಷರ, ಯೋಗ, ಕೊನೆಗೆ ಹ್ಯಾರಿ ಪಾಟರ್. ಹಿಂದೊಮ್ಮೆ ಪಟ್ಟಿ ಅಲ್ಲಿಗೆ ಬಂದು ತಲುಪಿದಾಗ ಮುಂದಿನ ಚಾಪೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಪಕ್ಕದವರಿಗೆ, “ಯಾರ ಮಗಾಲೇ ಅಂವ? ನಮ್ ಕಡೀದಂವೇನು?” ಎಂದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಬೇರೆಯವರ ಊರಿನ ದಿಗಿಲನ್ನೂ ಹೀಗೆ ಆಮದು ಮಾಡಿಕೊಳ್ಳುವುದು ನಮ್ಮವರಿಗೆ ರೂಢಿ. ಅಮೆರಿಕದ ಉಪದೇಶಕರು ಆ ಪುಸ್ತಕಕ್ಕೆ ಹೆದರಿದರು, ಇಲ್ಲಿ ಅದನ್ನು ಕಣ್ಣಿಂದಲೂ ಕಾಣದವರು ಹೆದರಬೇಕಾಯಿತು.

ಕಲ್ಮಲದಲ್ಲಿ ನನ್ನ ಸೋದರತ್ತೆಯ ಮನೆ. ರಾಯಚೂರು ಬಿಟ್ಟು ಲಿಂಗಸುಗೂರು ಕಡೆ ಹೊರಟರೆ ಸಿಗುವ ಊರು. ಮಾನ್ವಿ, ಸಿಂಧನೂರಿನ ದಾರಿ ಅಲ್ಲಿಯೇ ಒಡೆಯುತ್ತದೆ. ಕ್ರಾಸಿನಲ್ಲಿ ಹಗಲೆಲ್ಲ ಭತ್ತದ ಲಾರಿ, ಹತ್ತಿ ಹೇರಿದ ಟ್ರ್ಯಾಕ್ಟರು, ಮಾನ್ವಿ ಬಸ್ಸು. ಅತ್ತೆಯ ಮಗ ಸಾಲ ಮಾಡಿ ಹೊಸ ಟ್ರ್ಯಾಕ್ಟರು ತಗೊಂಡ. ಒಪ್ಪಿಸಿಕೊಳ್ಳುವ ದಿನ ನಾವೆಲ್ಲ ಷೋರೂಮಿಗೆ ಹೋದೆವು. ಗಾಡಿಗೆ ಪ್ರಾರ್ಥನೆ ಮಾಡಲು ನಮ್ಮ ಚರ್ಚಿನ ಅಯ್ಯನವರನ್ನೂ ಕರೆದುಕೊಂಡು ಹೋಗಿದ್ದೆವು. ಹೋಗಿ ನೋಡಿದರೆ ಷೋರೂಮಿನ ಹುಡುಗ ತನ್ನ ಪಾಡಿಗೆ ತಾನು ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಮುಗಿಸಿಬಿಟ್ಟಿದ್ದ. ಅಯ್ಯನವರ ಮುಖ ಕಪ್ಪಿಟ್ಟಿತು.

“ಅದ್ನ ತಗಸ್ರಿ ಮೊದ್ಲು.”

“ತಗಿಯೋದ್ಯಾಕ್ರಿ, ಗಾಡಿ ಮುಂದ ಬಿಟ್ರ ಒಡದು ಹೋಗ್ತಾವ” ಎಂದ ಹುಡುಗ. “ಅದಕ್ಕೇನು ರೊಕ್ಕ ಇಲ್ರಿ, ಫ್ರೀ ಐತಿ.”

“ಗಾಲಿ ಹತ್ತಿಸಿ ಒಡದ್ರ ಪೂಜಿ ಮಾಡ್ದಂಗ ಆತಲ್ಲೋ ತಮ್ಮಾ.”

ಹಾಗಾದರೆ ಕೈಯಿಂದ ತೆಗೆಯೋಣವೆಂದು ಅತ್ತೆಯ ಮಗ ಬಗ್ಗಿದ. “ನೀ ಮುಟ್ಟಬ್ಯಾಡಪ್ಪಾ” ಎಂದರು ಅಯ್ಯನವರು. ಅವರೂ ಮುಟ್ಟಲಿಲ್ಲ. ಲಕ್ಷಗಟ್ಟಲೆಯ ಗಾಡಿ, ಅದಕ್ಕೆ ಇಷ್ಟು ಕುದುರೆಗಳ ಬಲ ಎಂದು ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟಿದ್ದಾರೆ, ನಾಲ್ಕು ನಿಂಬೆಹಣ್ಣು ದಾಟಲಾರದೆ ನಿಂತಿತು. ಗಾಲಿಗೊಂದರಂತೆ ಪ್ರಾರ್ಥನೆ ನಡೆಯಿತು, ಕಟ್ಟುಗಳೆಲ್ಲ ಮುರಿಯಲ್ಪಟ್ಟವು, ಹಣ್ಣುಗಳು ಮಾತ್ರ ಇದ್ದಲ್ಲೇ ಇದ್ದವು. ಕಡೆಗೆ ಕಸ ಹೊಡೆಯುವ ಅಮ್ಮ ಪೊರಕೆ ಹಿಡಿದು ಬಂದು, ನಮ್ಮನ್ನೆಲ್ಲ ಒಮ್ಮೆ ನೋಡಿ, ನಾಲ್ಕನ್ನೂ ಆರಿಸಿ ಉಡಿಯಲ್ಲಿ ಹಾಕಿಕೊಂಡಳು. “ಬ್ಯಾಸಿಗ್ಯಾಗ ಒಂದೊಂದು ಹಣ್ಣು ಎಷ್ಟಾಗೇತಿ ಗೊತ್ತೈತೇನ್ರಿ ಯಪ್ಪಾ” ಎಂದು ಹೊರಟುಹೋದಳು. ಸಂಜೆ ಅವಳ ಮನೆಯಲ್ಲಿ ಶರಬತ್ತು ಆಗಿರಬೇಕು. ಅವಳು ಯಾವ ದೇವರಿಗೆ ನಡೆದುಕೊಳ್ಳುತ್ತಾಳೋ ನನಗೆ ತಿಳಿಯದು, ಆ ಗುಂಪಿನಲ್ಲಿ ನಿಂಬೆಹಣ್ಣನ್ನು ಬರೀ ನಿಂಬೆಹಣ್ಣಾಗಿ ಕಂಡವಳು ಅವಳೊಬ್ಬಳೇ.

ಇದು ನಮ್ಮ ಸೀಮೆಯ ಹೊಸ ಕಾಯಿಲೆ ಅಲ್ಲ. 4ನೇ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ಟಮ್ ಎಂಬ ಉಪದೇಶಕನಿದ್ದ. ಭಾರಿ ಮಾತುಗಾರ. ಆಮೇಲೆ ಕಾನ್‌ಸ್ಟಾಂಟಿನೋಪಲ್‌ಗೆ ಬಿಷಪ್ ಆಗಿ ಹೋದ, ಅಲ್ಲಿ ರಾಣಿಯನ್ನೂ ಬಿಡದೆ ಬೈದು ಗಡೀಪಾರಾದ. ಅವನು ತನ್ನ ಸಭೆಯ ಕ್ರೈಸ್ತ ತಾಯಂದಿರನ್ನು ಬೈದದ್ದೇನು ಗೊತ್ತೇ? ಕೂಸಿನ ಕೈಗೆ ಗೆಜ್ಜೆಯನ್ನೂ ಕೆಂಪು ದಾರವನ್ನೂ ಕಟ್ಟುತ್ತೀರಿ ಎಂದು. ಸ್ನಾನದ ಮನೆಯಲ್ಲಿ ಬೆರಳಿಗೆ ಕೆಸರು ಹಚ್ಚಿಕೊಂಡು ಕೂಸಿನ ಹಣೆಗೆ ಬೊಟ್ಟಿಡುತ್ತೀರಿ, ಕೇಳಿದರೆ ಕೆಟ್ಟ ಕಣ್ಣು ತಾಕಬಾರದು ಎನ್ನುತ್ತೀರಿ ಎಂದು. ಹೆಸರಿಡುವಾಗ ಒಂದೊಂದು ದೀಪಕ್ಕೆ ಒಂದೊಂದು ಹೆಸರು ಹೇಳಿ ಹಚ್ಚಿ, ಹೆಚ್ಚು ಹೊತ್ತು ಉರಿದ ದೀಪದ ಹೆಸರನ್ನೇ ಮಗುವಿಗೆ ಇಡುತ್ತೀರಿ ಎಂದು. ಅಲೆಕ್ಸಾಂಡರನ ನಾಣ್ಯವನ್ನು ತಲೆಗೂ ಕಾಲಿಗೂ ಕಟ್ಟಿಕೊಳ್ಳುವವರೂ ಇದ್ದರಂತೆ. ಕಾಡಿಗೆಯ ಬೊಟ್ಟು, ಕೆಂಪು ದಾರ, ಕಾಲಿಗೆ ಕಟ್ಟುವ ತೂತು ಬಿಲ್ಲೆ: ಹದಿನಾರು ನೂರು ವರ್ಷದ ಹಿಂದಿನ ಸಿರಿಯಾದ ಬೀದಿಯಲ್ಲಿ ನಮ್ಮ ಕಲ್ಮಲದ ಅಜ್ಜಿಯನ್ನು ಬಿಟ್ಟರೆ ಬೆಳಗಾಗುವುದರೊಳಗೆ ನಾಲ್ಕು ಮನೆಯ ಕೂಸುಗಳಿಗೆ ದೃಷ್ಟಿ ತೆಗೆದು ಬಂದಿರುತ್ತಿದ್ದಳು.

ಒಂದು ವಿಚಿತ್ರ ನೋಡಿ. ಅಂತಿಯೋಕ್ಯದ ಆ ಹೆಂಗಸರು ಒಂದಕ್ಷರ ಬರೆದಿಡಲಿಲ್ಲ. ಅವರ ದೀಪದ ಶಾಸ್ತ್ರ, ಕೆಸರಿನ ಬೊಟ್ಟು ನಮಗೆ ಗೊತ್ತಾಗಿರುವುದು ಅವನು ಬೈದದ್ದರಿಂದ. ಗೋವೆಯಲ್ಲೂ ಇದೇ ಕಥೆ. ಅಲ್ಲಿಯ ಧರ್ಮವಿಚಾರಣೆಯವರು 1736ರಲ್ಲಿ ಒಂದು ಆಜ್ಞೆ ಹೊರಡಿಸಿದರು. ಮದುವೆಗೆ ಎಲೆ ಅಡಿಕೆ ಕೊಟ್ಟು ಕರೆಯಕೂಡದು, ಮದುಮಕ್ಕಳಿಗೆ ಅರಿಶಿನ, ಕೊಬ್ಬರಿಎಣ್ಣೆ ಹಚ್ಚಕೂಡದು, ಹೆಂಗಸರು ಹಾಡು ಹೇಳಕೂಡದು, ಅಂಗಳದಲ್ಲಿ ತುಳಸಿ ಬೆಳೆಸಕೂಡದು, ಏಕಾದಶಿಗೆ ಉಪವಾಸ ಇರಕೂಡದು, ಧೋತರ ಉಡಕೂಡದು. ಒಂದು ಕಾಲದ ಕೊಂಕಣಿ ಮದುವೆ ಹೇಗಿತ್ತು ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಇಲ್ಲ. ಅಂಥ ಕಾಟ ತಾಳದೆಯೂ, ಹೊಟ್ಟೆಪಾಡಿಗೂ, ಮರಾಠರ ದಂಡಿಗೆ ಹೆದರಿಯೂ ಎಷ್ಟೋ ಕುಟುಂಬಗಳು ಕೆನರಾಕ್ಕೆ ಇಳಿದು ಬಂದವು. ಇವತ್ತಿಗೂ ಮಂಗಳೂರಿನ ಕಥೊಲಿಕರ ಮನೆಯಲ್ಲಿ ಮದುವೆಯ ಹಿಂದಿನ ದಿನ ರೋಸ್ ನಡೆಯುತ್ತದೆ. ಮದುಮಕ್ಕಳ ತಲೆಯ ಮೇಲೆ ತೆಂಗಿನ ಹಾಲು ಸುರಿಯುತ್ತದೆ, ಹೆಂಗಸರು ಹಾಡು ಹೇಳುತ್ತಾರೆ. ಪಾದ್ರಿಗಳು ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಅದೇ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರಿಗೆ ತುಳುನಾಡಿನ ಭೂತಗಳೆಂದರೆ ಶುದ್ಧ ಪಿಶಾಚಿ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ವೈರಿಯನ್ನು ತಿಳಿಯದೆ ಗೆಲ್ಲುವುದು ಹೇಗೆ? ಆಗಸ್ಟ್ ಮ್ಯಾನರ್ ಎಂಬ ಪಾದ್ರಿ ಕೂತು ಭೂತಗಳ ಕಥೆ ಹೇಳುವ ಹಾಡುಗಳಾದ ಪಾಡ್ದನಗಳನ್ನು ಬರೆಸಿಕೊಂಡ, 1886ರಲ್ಲಿ ಮಿಶನ್ನಿನದೇ ಛಾಪಖಾನೆಯಲ್ಲಿ ಅವು ಪುಸ್ತಕವಾದವು. ಇಂದು ಪಾಡ್ದನಗಳ ಮೇಲೆ ಡಾಕ್ಟರೇಟ್ ಮಾಡುವವರು ಆ ಪಾದ್ರಿಗೊಂದು ನಮಸ್ಕಾರ ಹಾಕಿಯೇ ಮುಂದೆ ಹೋಗುತ್ತಾರೆ. ಭೂತಗಳನ್ನು ಓಡಿಸಲು ಬಂದವರು ಅವಕ್ಕೆ ಅಚ್ಚಿನ ಆಯುಸ್ಸು ಕೊಟ್ಟು ಹೋದರು. ಎಚ್ಚರಿಕೆ ಹೇಳುವ ಕೆಲಸವೇ ಹಾಗೆ. ಮರೆಯಬೇಕಾದದ್ದನ್ನು ಪ್ರತಿ ಭಾನುವಾರ ನೆನಪು ಮಾಡಿಕೊಡುತ್ತದೆ. ನನ್ನ ಚಿಕ್ಕಂದಿನಲ್ಲಿ ಬೆಕ್ಕು ಅಡ್ಡ ಬಂದರೆ ಏನಾಗುತ್ತದೆ ಎಂದು ನನಗೆ ಗೊತ್ತಾದದ್ದು ಭಾನುವಾರದ ಶಾಲೆಯಲ್ಲಿ. ಅಲ್ಲಿಯವರೆಗೆ ಬೆಕ್ಕು ಅಡ್ಡ ಬಂದರೆ ಬೆಕ್ಕು ಬಂತು ಅಂತಲೇ ತಿಳಿದಿದ್ದೆ.

ಹಾಗಂತ ಉಪದೇಶಕರು ಇದನ್ನೆಲ್ಲ ಹೊಟ್ಟೆಯಿಂದ ಹುಟ್ಟಿಸಿ ಹೇಳುತ್ತಾರೆ ಎನ್ನಲಾಗದು. ಪುಸ್ತಕದಲ್ಲಿದೆ. ಬಳ್ಳಾರಿಯಲ್ಲಿ 1810ರಿಂದ ನೆಲೆ ನಿಂತ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಜೊತೆಗಾರರು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಾಗ ಧರ್ಮೋಪದೇಶಕಾಂಡದ 18ನೇ ಅಧ್ಯಾಯವೂ ನಮ್ಮ ಸೀಮೆಗೆ ಬಂತು. ಕಣಿ ಹೇಳುವವರು, ಶಕುನ ನೋಡುವವರು, ಮಾಟಗಾರರು, ಸತ್ತವರನ್ನು ಮಾತಾಡಿಸುವವರು ನಿಮ್ಮಲ್ಲಿ ಇರಬಾರದು ಎಂಬ ಕಟ್ಟಪ್ಪಣೆ ಅಲ್ಲಿದೆ. ಎಫೆಸದಲ್ಲಿ ಮಾಟದ ಪುಸ್ತಕಗಳನ್ನು ಬೀದಿಗೆ ತಂದು ಸುಟ್ಟ ಸುದ್ದಿ ಅಪೊಸ್ತಲರ ಕೃತ್ಯಗಳಲ್ಲಿದೆ. ಸುಟ್ಟ ಮೇಲೆ ಕೂತು ಲೆಕ್ಕ ಹಾಕಿದರಂತೆ, ಐವತ್ತು ಸಾವಿರ ಬೆಳ್ಳಿ ನಾಣ್ಯದ ಮಾಲು. ಲೆಕ್ಕ ಹಾಕಿದವನು ಯಾವನೋ ವ್ಯಾಪಾರಸ್ಥನೇ ಇರಬೇಕು. ಆದರೆ ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯನಾದವನು ದೊರೆ ಸೌಲ. ದೇಶದಲ್ಲಿದ್ದ ಕಣಿ ಹೇಳುವವರನ್ನೆಲ್ಲ ಓಡಿಸಿದವನು ಇವನೇ. ಫಿಲಿಷ್ಟಿಯರ ದಂಡು ಎದುರು ಬಂದು ನಿಂತಾಗ ಎದೆ ಒಡೆದು, ವೇಷ ಮರೆಸಿಕೊಂಡು, ರಾತ್ರಿ ಹೊತ್ತು ಏಂದೋರಿನ ಒಬ್ಬಾಕೆಯ ಮನೆ ಬಾಗಿಲು ತಟ್ಟಿದವನೂ ಇವನೇ. ಆಕೆ ಪಾಪ, ಇಂಥವರನ್ನು ದೊರೆ ಓಡಿಸಿದ್ದಾನೆ, ನನ್ನ ಜೀವಕ್ಕೆ ಯಾಕೆ ಕುತ್ತು ತರುತ್ತೀಯ ಎಂದು ದೊರೆಗೇ ಹೇಳಿದಳು. ಕಡೆಗೆ ಹೆದರಿ ನೆಲಕ್ಕೆ ಬಿದ್ದಿದ್ದ ಅವನಿಗೆ ತನ್ನ ಮನೆಯ ಕೊಬ್ಬಿದ ಕರು ಕೊಯ್ದು, ರೊಟ್ಟಿ ಸುಟ್ಟು, ಉಣ್ಣಿಸಿ ಕಳಿಸಿದಳು. ಕೂಟಗಳಲ್ಲಿ ಈ ಕಥೆ ಎಷ್ಟೋ ಸಲ ಕೇಳಿದ್ದೇನೆ, ಆ ಊಟದ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಸೌಲನ ವಂಶದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಹೊಸ ವರ್ಷದ ರಾತ್ರಿ ಆರಾಧನೆಗೆ ಹೋಗಿ ನೋಡಿ. ಹನ್ನೆರಡು ಹೊಡೆದ ಮೇಲೆ ಒಂದು ತಟ್ಟೆ ಬರುತ್ತದೆ, ಅದರ ತುಂಬ ವಾಗ್ದಾನದ ಚೀಟಿಗಳು. ಕಣ್ಣು ಮುಚ್ಚಿ ಒಂದೊಂದು ಎತ್ತಿಕೊಳ್ಳಬೇಕು, ಬಂದ ವಚನವೇ ಆ ವರ್ಷದ ಫಲ. ಒಳ್ಳೆಯದು ಬಂದರೆ ಕನ್ನಡಿಗೆ ಅಂಟಿಸುತ್ತಾರೆ. ಮಂಕಾದದ್ದು ಬಂದರೆ, ನನ್ನ ಕಣ್ಣಾರೆ ಕಂಡದ್ದು, ಮೆಲ್ಲಗೆ ತಟ್ಟೆಗೆ ವಾಪಸ್ ಹಾಕಿ ಇನ್ನೊಂದು ಎತ್ತುತ್ತಾರೆ. ರಾಯಚೂರು ಸ್ಟೇಷನ್ ರೋಡಿನಲ್ಲಿ ಗಿಣಿ ಶಾಸ್ತ್ರದವನು ಕೂತಿರುತ್ತಿದ್ದಾಗ ಅವನ ಗಿಣಿ ಒಂದೇ ಸಲ ಎತ್ತುತ್ತಿತ್ತು. ಪಕ್ಷಿಯಾದರೂ ಅದಕ್ಕಷ್ಟು ನಿಯತ್ತಿತ್ತು. ಫೋನಿನಲ್ಲಿ ಬರುವ ಸಂದೇಶಗಳ ಕಥೆ ಇನ್ನೊಂದು. ಯೇಸುವಿನ ಚಿತ್ರ, ಸುತ್ತ ಗುಲಾಬಿ, ಕೆಳಗೆ ‘ಹನ್ನೊಂದು ಮಂದಿಗೆ ಕಳಿಸಿದರೆ ರಾತ್ರಿಯೊಳಗೆ ಶುಭಸುದ್ದಿ, ಅಳಿಸಿದರೆ ನಷ್ಟ.’ ರಾಹುಕಾಲಕ್ಕೆ ನಗುವವರೇ ಇದನ್ನು ಹನ್ನೊಂದು ಮಂದಿಗೆ ಕಳಿಸಿ, ಹನ್ನೊಂದಾಯಿತೋ ಇಲ್ಲವೋ ಎಂದು ಮತ್ತೆ ಎಣಿಸಿ ನೋಡುತ್ತಾರೆ.

ಇನ್ನು ಎಣ್ಣೆ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದು ಯಾಕೋಬನ ಪತ್ರಿಕೆಯಲ್ಲಿದೆ, ಅದರ ತಂಟೆಗೆ ನಾನು ಹೋಗುವುದಿಲ್ಲ. ಆದರೆ ದೊಡ್ಡ ದೊಡ್ಡ ಕೂಟಗಳಿಂದ ಸಣ್ಣ ಸಣ್ಣ ಶೀಷೆಯಲ್ಲಿ ಬರುವ ಅಭಿಷೇಕದ ಎಣ್ಣೆ ಈಗ ಬೈಕಿನ ಟೂಲ್ ಬಾಕ್ಸಿನಲ್ಲಿದೆ, ಗಲ್ಲಾಪೆಟ್ಟಿಗೆಯಲ್ಲಿದೆ, ಹತ್ತಿ ಹೊಲದ ನಾಲ್ಕು ಮೂಲೆಯಲ್ಲಿ ಹನಿ ಬಿದ್ದಿದೆ. ನಿಂಬೆಹಣ್ಣು ಮಾಡುತ್ತಿದ್ದ ಕೆಲಸವನ್ನೇ ಎಣ್ಣೆ ವಹಿಸಿಕೊಂಡಿದೆ, ಸಂಬಳ ಮಾತ್ರ ಹೆಚ್ಚು. ಕ್ರಿಸೊಸ್ಟಮ್ ಕೂಡ ಸುವಾರ್ತೆಯ ತುಣುಕುಗಳನ್ನು ಕೊರಳಿಗೆ ಕಟ್ಟಿಕೊಂಡು ತಿರುಗುವ ಹೆಂಗಸರ ಮಾತು ಎತ್ತುತ್ತಾನೆ. ಅದಕ್ಕೂ ಹಿಂದೆ ಯೆಹೂದದ ಅರಸ ಹಿಜ್ಕೀಯ, ಮೋಶೆ ತನ್ನ ಕೈಯಾರೆ ಮಾಡಿದ ತಾಮ್ರದ ಸರ್ಪವನ್ನೇ ಚೂರುಚೂರು ಮಾಡಿಸಿದ. ಜನ ಅದಕ್ಕೆ ಧೂಪ ಹಾಕಲು ಶುರು ಮಾಡಿದ್ದರು. ಒಳಗಿನ ಸಾಮಾನನ್ನು ಒಡೆಯಲು ಹೊರಗಿನದನ್ನು ಒಡೆಯುವುದಕ್ಕಿಂತ ಹೆಚ್ಚು ಗುಂಡಿಗೆ ಬೇಕು. ಹಿಜ್ಕೀಯನ ಮೇಲೆ ಉಪದೇಶ ಕಡಿಮೆ ಯಾಕೆಂದು ಈಗ ನಿಮಗೆ ಹೊಳೆದಿರಬೇಕು.

ಎಚ್ಚರಿಕೆ ಪೂರಾ ಸುಳ್ಳು ಎಂದರೆ ಅದೂ ತಪ್ಪು. ಕಲಬುರಗಿ, ಬೀದರ್, ಅಲ್ಲಿಂದ ಆಚೆ ತೆಲಂಗಾಣದ ಹಳ್ಳಿಗಳಲ್ಲಿ ಭಾನಾಮತಿ ಎಂಬ ಮಾಟದ ಭಯ ಎಂಥದು ಎಂದು ಹೈದರಾಬಾದ್ ಸೀಮೆಯ ಹಳಬರಿಗೆ ಹೇಳಬೇಕಿಲ್ಲ. ಭಾನಾಮತಿ ಮಾಡಿದ್ದಾರೆಂದು ವಿಧವೆಯರನ್ನು, ಬಡವರನ್ನು ಹೊಡೆದದ್ದುಂಟು, ಹೊಡೆದು ಕೊಂದದ್ದೂ ಉಂಟು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮೈಮೇಲೆ ಬರುವುದು ಮನಸ್ಸಿನ ಬೇನೆ ಎಂದು ಕನ್ನಡದಲ್ಲಿ ಸರಳವಾಗಿ ಬರೆದು ತಿಳಿಸಿದರು. 2017ರಲ್ಲಿ ರಾಜ್ಯ ಸರಕಾರ ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯುವ ಕಾಯಿದೆ ತಂದಿತು, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಆ ಕಾಯಿದೆಯ ಕಣ್ಣು ನಮ್ಮ ಉಪದೇಶಕರ ಕಣ್ಣಿಗಿಂತ ಬೇರೆ ಕಡೆ ನೋಡುತ್ತದೆ. ವಾಸ್ತು, ಜ್ಯೋತಿಷ್ಯದ ಸಲಹೆಯನ್ನು ಅದು ಹೊರಗಿಟ್ಟಿದೆ, ಮೈಗೆ ನೋವು ಮಾಡದ ಪೂಜೆ ಪ್ರಾರ್ಥನೆಗಳನ್ನೂ ಬಿಟ್ಟಿದೆ. ದೆವ್ವ ಬಿಡಿಸುತ್ತೇನೆಂದು ಕಟ್ಟಿ ಹಾಕಿ ಹೊಡೆಯುವುದನ್ನು ಬಿಟ್ಟಿಲ್ಲ. ಬೇವಿನ ಬರಲು ಹಿಡಿದವನ ಕೈಯಲ್ಲಿ ತಾಯತವಿದೆಯೋ ಬೈಬಲ್ ಇದೆಯೋ ಎಂದು ಅದು ಕೇಳುವುದಿಲ್ಲ. ಮೂರು ರಾತ್ರಿಯ ಕೂಟದಲ್ಲಿ ಒಂದು ರಾತ್ರಿಯನ್ನು ಈ ಹೊಡೆತಕ್ಕೆ ಮೀಸಲಿಟ್ಟಿದ್ದರೆ ನಾನು ಚಾಪೆ ಹೊತ್ತುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದೆ. ಎಳೆ ಹುಡುಗಿಗೆ ಮೂರ್ಛೆ ಬಂದಾಗ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಒಯ್ಯದೆ ಊರೂರು ಅಲೆದವರ ಲೆಕ್ಕ ಎಲ್ಲ ಜಾತಿಯಲ್ಲೂ ಇದೆ, ನಮ್ಮಲ್ಲೂ ಇದೆ.

ಆದರೆ ಪಟ್ಟಿಯಲ್ಲಿ ಉಳಿದದ್ದರ ಬಹುಪಾಲು ಮಾಟವೂ ಅಲ್ಲ ಮಂತ್ರವೂ ಅಲ್ಲ, ನೆರೆಹೊರೆ. ಹತ್ತಾರು ಮನೆ ಕ್ರೈಸ್ತರಿರುವ ಹಳ್ಳಿಯಲ್ಲಿ ವರ್ಷವೆಲ್ಲ ಬೇರೆಯವರ ಹಬ್ಬದ ಡಬ್ಬಿ ಮನೆಗೆ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದವರು ದಾರಿಯಲ್ಲಿ ಕಂಡವರನ್ನೆಲ್ಲ ಗಾಡಿ ಹತ್ತಿಸಿಕೊಳ್ಳುತ್ತಾರೆ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಬೇಡ ಎಂದರೆ ಹೊಲದವನಿಗೆ ಸಿಟ್ಟು, ತಿಂದರೆ ಅಯ್ಯನವರಿಗೆ. ಕಲ್ಮಲದ ಕರಿಯಪ್ಪ ತಾತನ ಜಾತ್ರೆಗೆ ಬೀಗರು ಬಂದವರ ಮನೆಯಿಂದ ಅನ್ನ ಸಾರು ಬರುತ್ತದೆ. ಮೊಹರಂ ಬಂದರೆ ಕೇಳುವುದೇ ಬೇಡ. ನಮ್ಮ ಜಿಲ್ಲೆಯಲ್ಲಿ ಅಲಾಯಿ ಕುಣಿ ತೋಡುವವರು, ದೇವರು ಹಿಡಿಯುವವರು, ಹೆಜ್ಜೆ ಹಾಕುವವರು ಅರ್ಧಕ್ಕರ್ಧ ಹಿಂದೂಗಳು. ಮುದಗಲ್ಲಿನ ಮೊಹರಂ ನೋಡಲು ದೂರದೂರದಿಂದ ಬರುತ್ತಾರೆ, ಅದೇ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದಲೂ ಕಥೊಲಿಕರ ಕೇರಿ ಇದೆ. ಅವರು ಇಷ್ಟು ಶತಮಾನ ಕಿಟಕಿ ಮುಚ್ಚಿಕೊಂಡು ಕೂತಿದ್ದರು ಎಂದು ನನಗಂತೂ ಅನಿಸುವುದಿಲ್ಲ.

ಕೊರಿಂಥದ ಸಭೆಯವರಿಗೂ ಇದೇ ಪೇಚು. ವಿಗ್ರಹಕ್ಕೆ ಎಡೆ ಇಟ್ಟ ಮಾಂಸ ಸಂತೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು, ತಿನ್ನಬಹುದೇ ಎಂದು ಅಪೊಸ್ತಲ ಪೌಲನಿಗೆ ಬರೆದು ಕೇಳಿದರು. ಅವನು ಕೊಟ್ಟ ಉತ್ತರ ಉದ್ದ, ಅಲ್ಲಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆಯೂ ಇದೆ. ವಿಗ್ರಹ ಎಂಬುದು ಏನೂ ಅಲ್ಲ, ಸಂತೆಯಲ್ಲಿ ಸಿಕ್ಕದ್ದನ್ನು ಕೇಳದೆ ತಿನ್ನಿ ಎನ್ನುತ್ತಾನೆ. ಆದರೆ ನಿಮ್ಮನ್ನು ನೋಡಿ ಅಳ್ಳೆದೆಯವನು ಎಡವುವುದಾದರೆ ನಾನಂತೂ ಮಾಂಸವನ್ನೇ ಬಿಟ್ಟೇನು ಎಂದೂ ಸೇರಿಸುತ್ತಾನೆ. ಅವನು ಅಳ್ಳೆದೆಯವರೆಂದು ಕರೆದದ್ದು ಹೆದರಿ ತಿನ್ನದವರನ್ನು. ಕಾಲಾಂತರದಲ್ಲಿ ಆ ಅಳ್ಳೆದೆಯವರೇ ಮೈಕು ಹಿಡಿದರು ಎನ್ನುವುದು ನನ್ನ ತಕರಾರು. ಪ್ರವಾದಿ ಎಲೀಷನದು ಇನ್ನೂ ಸಲೀಸು. ಅರಾಮ್ಯರ ಸೇನಾಪತಿ ನಾಮಾನ ಕುಷ್ಠ ವಾಸಿಯಾದ ಮೇಲೆ ಇಸ್ರಾಯೇಲ್ಯರ ದೇವರಿಗೆ ಒಲಿದ, ಒಂದು ಸಂಕಟ ಮಾತ್ರ ತೋಡಿಕೊಂಡ: ನಮ್ಮ ದೊರೆ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಊರಿಕೊಂಡು ಬಗ್ಗುತ್ತಾನೆ, ಜೊತೆಗೆ ನಾನೂ ಬಗ್ಗಬೇಕಾಗುತ್ತದೆ, ಅದಕ್ಕೆ ಕ್ಷಮೆ ಇರಲಿ. ಪ್ರವಾದಿ ಉಪದೇಶ ಮಾಡಲಿಲ್ಲ. ಸಮಾಧಾನವಾಗಿ ಹೋಗು ಎಂದು ಕಳಿಸಿಕೊಟ್ಟ.

ನಮ್ಮ ಅತ್ತೆಯ ಮನೆಯಲ್ಲಿ ಈ ವರ್ಷದ ತಕರಾರು ಎತ್ತುಗಳದು. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಹುಡುಗರೆಲ್ಲ ಹಳ್ಳದ ಕರಿಮಣ್ಣು ತಂದು ಜೋಡೆತ್ತು ಮಾಡಿದರು, ಅತ್ತೆಯ ಮೊಮ್ಮಗನೂ ಮಾಡಿದ. ಚೆನ್ನಾಗಿಯೇ ಮಾಡಿದ್ದ. ಭುಜದ ಡುಬ್ಬ, ಕೊರಳ ಗಂಗೆದೊಗಲು, ಕಣ್ಣಿಗೆ ಜೋಳದ ಕಾಳು, ಕೊಂಬಿಗೆ ಅರಿಶಿನ. ಉಳಿದವರು ಪೂಜೆ ಮಾಡಿ, ಕಡುಬು ತೋರಿಸಿ, ಮರುದಿನ ಹೊಳೆಗೆ ಬಿಡಲು ಹೊರಟರೆ ಇವನ ಎತ್ತು ಜಗಲಿಯ ಮೇಲೆ ಉಳಿದವು. ಸೊಸೆ, “ಅತ್ತೀ, ಅಯ್ಯನೋರು ಬರೋದ್ರಾಗ ಇವನ್ನ ಒಗದ್ಬಿಡ್ರಿ” ಎಂದಳು. “ಮಣ್ಣದು ಬೇ, ಏನ್ ಹಾಯ್ತಾವೇನು?” ಎಂದರು ಅತ್ತೆ. ಅಯ್ಯನವರು ಬಂದೇಬಿಟ್ಟರು, ನೋಡಿಯೂ ಬಿಟ್ಟರು. ಹುಡುಗ ಮಾತ್ರ ಅಂಜಲಿಲ್ಲ. “ವಂದನ್ರೀ ಅಯ್ಯನೋರ. ಇವು ಕ್ರಿಸ್ಮಸ್ಸಿಗ್ರಿ, ಗೋದಲ್ಯಾಗ ಇಡಾಕ. ಹ್ವಾದ ವರ್ಷ ನಮ್ ಗೋದಲ್ಯಾಗ ಬರೇ ಕುರಿ ಇದ್ವಲ್ರಿ.”

ಅಯ್ಯನವರು ಕುರ್ಚಿಯ ಮೇಲೆ ಕೂತು ಬಹಳ ಹೊತ್ತು ಎತ್ತುಗಳನ್ನು ನೋಡಿದರು. ಕೊಟ್ಟಿಗೆಯಲ್ಲಿ ಎತ್ತು ಇರುವುದನ್ನು ಬೇಡ ಎನ್ನಲು ಅವರಿಗೂ ವಚನ ಸಿಗಲಿಲ್ಲ. ಆಗಲಿ ಎಂದರು, ಕೊಂಬಿನ ಅರಿಶಿನವನ್ನು ಚೆನ್ನಾಗಿ ತೊಳೆದು ತೆಗೆಯಬೇಕು ಎಂಬ ಷರತ್ತಿನ ಮೇಲೆ.

“ನೀರಾಗ ತೊಳದ್ರ ಕೊಂಬು ಉಳಿತಾವೇನ್ರಿ ಅಯ್ಯನೋರ?” ಎಂದು ಕೇಳಿದ ಹುಡುಗ.